ನೀಲಿ ಕಾರ್ಡಿನಲ್ಲಿ ಇಲ್ಲದ ಮಾತು

ಆಸ್ಪತ್ರೆಯ ಸಂವಹನ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಮೂರನೇ ಮಹಡಿಯ ವಾರ್ಡಿನ ನರ್ಸ್ ಒಬ್ಬರು ನನಗೆ ನಿಜ ಹೇಳಿದರು. ಅದನ್ನು ನನಗೆ ತಿಳಿಯುವ ಭಾಷೆಯಲ್ಲಿ ಹೇಳಿದರು. ಈ ಎರಡು ಅಪರಾಧಗಳಿಗಾಗಿ ನೀವು ಅವರಿಗೆ ನೋಟಿಸ್ ಕೊಟ್ಟಿದ್ದೀರಿ. ಬರುವ ಗುರುವಾರ ವಿಚಾರಣೆ, ಅವರ ಕೆಲಸ ಉಳಿಯುತ್ತದೋ ಇಲ್ಲವೋ ಅಲ್ಲಿ ತೀರ್ಮಾನ. ದೂರು ಕೊಟ್ಟವರು ಯಾರು ಎಂದು ವಿಚಾರಿಸಿದರೆ, ನಾನೇ! ಅವರನ್ನು ಹೊಗಳಿ ಬರೆದು ನಿಮ್ಮ ಸಲಹಾ ಪೆಟ್ಟಿಗೆಗೆ ಹಾಕಿದ ಕಾಗದವನ್ನೇ ನೀವು ಅವರ ಮೇಲಿನ ದೂರು ಎಂದು ದಾಖಲು ಮಾಡಿಕೊಂಡಿದ್ದೀರಿ. ಒಂದು ಕಡೆಯಿಂದ ಕೃತಜ್ಞತೆ ಹಾಕಿದರೆ ಇನ್ನೊಂದು ಕಡೆಯಿಂದ ಶಿಕ್ಷೆ ಹೊರಬರುವ ಇಂಥ ಪೆಟ್ಟಿಗೆ ನಿಮ್ಮಲ್ಲಿದೆ ಎಂದು ತಿಳಿದಿದ್ದರೆ ನಾನು ಆ ದಿನ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಈ ಪತ್ರವನ್ನು ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿರುವುದೂ ಅದಕ್ಕೇ.

ನಾನು ಹತ್ತನೇ ತರಗತಿಯವರೆಗೆ ಓದಿ ಹೊಲಿಗೆ ಕಲಿತವಳು. ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಬದುಕುತ್ತೇನೆ. ನನ್ನ ತಂಗಿ ನನಗಿಂತ ಹೆಚ್ಚು ಓದಿದ್ದಳು. ಪಾರ್ಸೆಲ್ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಗ್ರಾಹಕರ ಫೋನಿಗೆ ಉತ್ತರಿಸುವ ಕೆಲಸ ಮಾಡಿದವಳು. ಎರಡು ಕೋಣೆಗಳ ಮನೆಯಲ್ಲಿ ನಾವಿಬ್ಬರೇ. ಅವಳು ನಿಮ್ಮಲ್ಲಿ ಹತ್ತೊಂಬತ್ತು ದಿನ ಇದ್ದಳು. ದಿನವೂ ನಾಲ್ಕು ಸಾಲು ಬರೆದಿಡುವ ರೂಢಿ ನನಗೆ ಮೊದಲಿನಿಂದಲೂ ಇದೆ. ಆ ಹತ್ತೊಂಬತ್ತು ದಿನ ನಿಮ್ಮವರು ಆಡಿದ ಮಾತೆಲ್ಲ ಆ ಪುಸ್ತಕದಲ್ಲಿದೆ. ಅರ್ಥವಾಗದೆ ಇದ್ದದ್ದರಿಂದ ಕೇಳಿಸಿದ ಹಾಗೆಯೇ ಬರೆದುಕೊಂಡೆ.

ನಿಮ್ಮ ಸಿಬ್ಬಂದಿಯ ಕೊರಳಲ್ಲಿ ಗುರುತಿನ ಚೀಟಿಯ ಜೊತೆಗೊಂದು ನೀಲಿ ಕಾರ್ಡು ನೇತಾಡುತ್ತದೆ. ಅದರಲ್ಲಿ ಮೂವತ್ತೆರಡು ಇಂಗ್ಲಿಷ್ ವಾಕ್ಯಗಳಿವೆ. ಸಂಬಂಧಿಕರು ಏನೇ ಕೇಳಲಿ, ಉತ್ತರ ಆ ಮೂವತ್ತೆರಡರೊಳಗೇ ಇರಬೇಕು. ಕಾಯುವ ಕೋಣೆಯ ಗೋಡೆಗೆ ನೀವು ಇದರ ಕಾರಣವನ್ನೂ ಅಂಟಿಸಿದ್ದೀರಿ: ದೊಡ್ಡ ದೊಡ್ಡ ವೈದ್ಯಕೀಯ ಪದಗಳಿಗೆ ಜನ ಹೆದರುತ್ತಾರೆ, ಆದ್ದರಿಂದ ನಾವು ದಿನಬಳಕೆಯ, ಸ್ನೇಹದ ಇಂಗ್ಲಿಷಿನಲ್ಲಿ ಮಾತಾಡುತ್ತೇವೆ. ಎಂಥ ಕರುಣೆ! ಮೊದಲ ದಿನ, 'ವಿ ಆರ್ ಲುಕಿಂಗ್ ಇನ್‌ಟು ಇಟ್.' ನಾಲ್ಕನೇ ದಿನ, 'ಹ್ಯಾಂಗ್ ಇನ್ ದೇರ್.' ಏಳನೇ ದಿನ, 'ಶಿ ಈಸ್ ಹೋಲ್ಡಿಂಗ್ ಅಪ್.' ಹನ್ನೊಂದನೇ ದಿನ, 'ವಿ ವಿಲ್ ಗೆಟ್ ಬ್ಯಾಕ್ ಟು ಯು.' ಮನೆಯಲ್ಲಿದ್ದ ಹಳೆಯ ನಿಘಂಟಿನಲ್ಲಿ ಒಂದೊಂದೇ ಪದ ಹುಡುಕಿದೆ. ಹ್ಯಾಂಗ್ ಎಂದರೆ ನೇತಾಡು, ಇನ್ ಎಂದರೆ ಒಳಗೆ, ದೇರ್ ಎಂದರೆ ಅಲ್ಲಿ. ಅಲ್ಲಿ ಒಳಗೆ ನೇತಾಡುತ್ತಿರಿ. ಸತ್ಯ ಹೇಳುತ್ತೇನೆ, ನಿಮ್ಮ ಕಾಯುವ ಕೋಣೆಯಲ್ಲಿ ನಾನು ಮಾಡುತ್ತಿದ್ದುದು ಅದನ್ನೇ.

ಏಳನೇ ದಿನ ಸಂಜೆ ನಾಲ್ಕಕ್ಕೆ ಒಳಗೆ ಬಿಟ್ಟಾಗ ತಂಗಿಯನ್ನೇ ಕೇಳಿದೆ.

"ಹೋಲ್ಡಿಂಗ್ ಅಪ್ ಅಂದ್ರೆ ಏನೇ?"

"ಯಾರಿಗಂದ್ರು?"

"ನಿನ್ನ ವಿಷಯವೇ. ಹೇಗಿದ್ದಾಳೆ ಅಂತ ಕೇಳಿದ್ದಕ್ಕೆ ಹಾಗಂದ್ರು."

ಅವಳಿಗೆ ನಗು ಬಂತು. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಕ್ಕಳು. "ಇನ್ನೂ ಬಿದ್ದಿಲ್ಲ ಅಂತ ಕಣೇ ಅಕ್ಕ. ಮಂಚದ ಮೇಲೆ ಮಲಗಿರೋಳು ಇನ್ನೆಲ್ಲಿಗೆ ಬೀಳ್ಲಿ?"

ಆಮೇಲೆ ಪಾಠ ಶುರು. ಫೋನಿನ ಕೆಲಸ ಅವಳಿಗೆ ಇಂಥ ಮಾತುಗಳನ್ನು ಅರೆದು ಕುಡಿಸಿತ್ತು. "ಫ್ರೇಸಲ್ ವರ್ಬ್ ಅಂತಾರೆ ಇದಕ್ಕೆ. ಇಂಗ್ಲಿಷಿನವರು ಮನೇಲಿ ಮಾತಾಡೋದೇ ಹೀಗೆ. ಗೆಟ್, ಪುಟ್, ಕಮ್, ಗೋ, ಈ ನಾಲ್ಕು ಪಾತ್ರೆಯಲ್ಲೇ ಇಡೀ ಅಡುಗೆ ಮುಗಿಸ್ತಾರೆ. ಪಕ್ಕದಲ್ಲಿ ಅಪ್ ಅಂತಲೋ ಔಟ್ ಅಂತಲೋ ಇಟ್ರೆ ರುಚಿಯೇ ಬೇರೆ. ಕಾಗದದ ಮೇಲೆ ಬರೆಯೋವಾಗ ಮಾತ್ರ ಕೋಟು ಹಾಕಿದ ಪದಗಳು ಬರ್ತವೆ."

"ಒಂದು ಪದಕ್ಕೆ ಒಂದು ಅರ್ಥ ಇಟ್ಕೊಂಡ್ರೆ ಅವರಿಗೇನು ಕಷ್ಟ?"

"ನೀನು ಇಟ್ಕೊಂಡಿದ್ದೀಯಾ? ಬಟ್ಟೆ ಅಂಗಡಿಯವನು ಕೈಕೊಟ್ಟ ಅಂತೀಯ, ಕೈಬಿಟ್ಟ ಅಂತೀಯ. ಕೊಟ್ಟಿದ್ದು ಯಾವ ಕೈ, ಬಿಟ್ಟಿದ್ದು ಯಾವ ಕೈ?"

ನನಗೂ ನಗು ಬಂತು. ಪಕ್ಕದ ಮಂಚದ ಅಜ್ಜಿಯೂ ನಕ್ಕರು. ಹೊರಡುವಾಗ ತಂಗಿ ಇನ್ನೊಂದು ಮಾತು ಹೇಳಿದಳು. ಪಾರ್ಸೆಲ್ ಕಳೆದುಹೋದರೆ ಕಂಪನಿಯವರು ಕಾಗದದಲ್ಲಿ ಕಳೆದುಹೋಗಿದೆ ಎಂದು ಸ್ಪಷ್ಟವಾಗಿ ಬರೆಯುತ್ತಿದ್ದರಂತೆ. ಫೋನಿನಲ್ಲಿ ಮಾತ್ರ, 'ವಿ ಆರ್ ಸಾರ್ಟಿಂಗ್ ಇಟ್ ಔಟ್' ಎನ್ನಬೇಕಿತ್ತಂತೆ. "ಎಲ್ಲಿದೆ ಅಂತ ನಮಗೇ ಗೊತ್ತಿಲ್ಲದಾಗ ಹೇಳೋ ಮಾತು ಅಕ್ಕ ಅದು."

ಮಾನ್ಯರೇ, ನಾನು ಇಂಗ್ಲಿಷನ್ನು ದೂರುತ್ತಿಲ್ಲ. ಆ ಭಾಷೆಯಲ್ಲಿ ತಾಯಿಯನ್ನು ಕರೆದು ಬೆಳೆದವರಿಗೆ ಅವು ಒಲೆಯ ಮುಂದಿನ ಮಾತುಗಳು. ಅವರ ಮನೆಯವರು ಕಾಯಿಲೆ ಬಿದ್ದಾಗ 'ಹ್ಯಾಂಗ್ ಇನ್ ದೇರ್' ಎಂದರೆ, ಧೈರ್ಯ ಬಿಡಬೇಡ ಎಂದು ಬೆನ್ನು ಸವರಿದ ಹಾಗಿರಬಹುದು. ಆದರೆ ನನಗೆ? ದೊಡ್ಡ ಪದವಾದರೆ ನಿಘಂಟಿನಲ್ಲಿ ಒಂದೇ ಕಡೆ ಸಿಗುತ್ತದೆ. ಈ ಸಣ್ಣ ಪದಗಳು ಒಂದೊಂದು ಒಂದೊಂದು ಪುಟದಲ್ಲಿ ಸಿಕ್ಕಿ, ಒಟ್ಟಿಗೆ ಸೇರಿಸಿದರೆ ಯಾವ ಪುಟದಲ್ಲೂ ಇಲ್ಲದ ಅರ್ಥ ಕೊಡುತ್ತವೆ. ಸುಲಭವಾಗಲಿ ಎಂದು ನೀವು ಆರಿಸಿದ್ದು ಕಲಿಯುವವರಿಗೆ ಅತ್ಯಂತ ಕಷ್ಟದ್ದನ್ನು! ನರ್ಸಿಗೆ ನನ್ನ ಭಾಷೆ ಬರುತ್ತದೆ. ಡಾಕ್ಟರಿಗೆ ಬರುತ್ತದೆ. ಲಿಫ್ಟಿನಲ್ಲಿ ನೀವು ಮನೆಯವರೊಂದಿಗೆ ಫೋನಿನಲ್ಲಿ ಜಗಳವಾಡಿದ್ದನ್ನು ಕೇಳಿದ್ದೇನೆ, ನಿಮಗಂತೂ ಚೆನ್ನಾಗಿಯೇ ಬರುತ್ತದೆ. ಹಾಗಿದ್ದ ಮೇಲೆ ನಮ್ಮ ನಡುವೆ ಆ ಕಾರ್ಡು ಯಾರಿಗಾಗಿ ನಿಂತಿದೆ?

ಎಲ್ಲ ಮುಗಿದ ಮೇಲೆ ಕೇಸ್ ಶೀಟಿನ ಪ್ರತಿ ಕೈಗೆ ಬಂದಾಗ ಔಷಧಿ ಅಂಗಡಿಯವರಿಂದ ಓದಿಸಿದೆ. ಹದಿನಾಲ್ಕನೇ ದಿನದ ಪುಟದಲ್ಲಿ, ಎರಡೂ ಮೂತ್ರಪಿಂಡ ನಿಂತಿವೆ, ಚಿಕಿತ್ಸೆಗೆ ಸ್ಪಂದನೆಯಿಲ್ಲ ಎಂದಿದೆ. ಕೋಟು ಹಾಕಿದ ಪದಗಳೇ, ಆದರೆ ನಿಜ. ಅದೇ ಹದಿನಾಲ್ಕನೇ ದಿನ ನನ್ನ ಪುಸ್ತಕದಲ್ಲಿ, 'ಶಿ ಈಸ್ ಹೋಲ್ಡಿಂಗ್ ಅಪ್.' ಹದಿನೈದರಿಂದ ಅವಳು ಮಾತಾಡಲಿಲ್ಲ. ಆಗಲೂ ಹೋಲ್ಡಿಂಗ್ ಅಪ್.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕೌಂಟರಿನಲ್ಲಿ ಮತ್ತೆ ಅದೇ ಮಾತು, ಜೊತೆಗೆ 'ವಿ ವಿಲ್ ಗೆಟ್ ಬ್ಯಾಕ್ ಟು ಯು.' ಶಾಲೆ ತೆರೆಯಲು ಮೂರೇ ದಿನವಿತ್ತು. ಹೊಲಿಯುವುದು ರಾಶಿ ಬಿದ್ದಿತ್ತು. ಚೀಲ ಎತ್ತಿಕೊಂಡು ಲಿಫ್ಟಿನ ಹತ್ತಿರ ಬಂದೆ. ಆ ನರ್ಸ್ ಓಡಿ ಬಂದರು.

"ಎಲ್ಲಿಗೆ ಅಕ್ಕ?"

"ಮನೆಗೆ. ಸ್ವಲ್ಪ ಹೊಲಿಗೆ ಮುಗಿಸಿ ನಾಲ್ಕಕ್ಕೆ ಬಂದ್ಬಿಡ್ತೀನಿ."

ಅವರು ಅತ್ತಿತ್ತ ನೋಡಿದರು. "ಹೋಗ್ಬೇಡಿ. ನಾಲ್ಕು ಗಂಟೆವರೆಗೆ ಅವರು ಉಳಿಯಲ್ಲ. ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ."

"ಈಗ ತಾನೇ ಹೋಲ್ಡಿಂಗ್ ಅಪ್ ಅಂದ್ರಲ್ಲ..."

"ಅದು ಕಾರ್ಡು ಅಕ್ಕ. ನಾನು ಹೇಳ್ತಿರೋದು ಅವರನ್ನ ನೋಡಿ ಬಂದು."

ಭೇಟಿಯ ಸಮಯವಲ್ಲದಿದ್ದರೂ ಒಳಗೆ ಕರೆದುಕೊಂಡು ಹೋಗಿ ಸ್ಟೂಲು ಹಾಕಿಕೊಟ್ಟರು. ತಂಗಿ ಎರಡೂಕಾಲಿಗೆ ಹೋದಳು. ಅಷ್ಟು ಹೊತ್ತು ಅವಳ ಕೈ ನನ್ನ ಕೈಯಲ್ಲಿತ್ತು. ತಣ್ಣಗಾಗುತ್ತಿದ್ದ ಪಾದಗಳಿಗೆ ನನ್ನ ಸೆರಗು ಹೊದೆಸಿದೆ. ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಈ ವಿಷಯದಲ್ಲಿ ವ್ಯಂಗ್ಯ ಮಾಡಲು ನನಗೆ ಬರುವುದಿಲ್ಲ.

ಹದಿನೈದು ದಿನ ಕಳೆದು ಬಾಕಿ ಕಾಗದಪತ್ರ ತರಲು ಬಂದಾಗ ನಿಮ್ಮ ಸಲಹಾ ಪೆಟ್ಟಿಗೆಯ ನಮೂನೆ ತುಂಬಿ ಹಾಕಿದೆ. 'ಈ ನರ್ಸ್ ಕಾರ್ಡು ನೋಡದೆ, ನಮ್ಮ ಭಾಷೆಯಲ್ಲಿ ನಿಜ ಹೇಳಿದ್ದರಿಂದ ನನ್ನ ತಂಗಿ ಒಬ್ಬಳೇ ಸಾಯಲಿಲ್ಲ' ಎಂದು ಬರೆದೆ. ವಾರದೊಳಗೆ ನಿಮ್ಮ ಸಹಾಯಕರ ಫೋನು.

"ಅವರು ಕಾರ್ಡ್ ಬಿಟ್ಟು ಮಾತಾಡಿದ್ರು ಅಂತ ನೀವೇ ಬರ್ಕೊಟ್ಟಿದ್ದೀರಲ್ಲಮ್ಮ."

"ಹೊಗಳಿ ಬರ್ದಿದ್ದು ಸ್ವಾಮಿ ಅದು!"

"ಹೊಗಳಿದ್ದೋ ತೆಗಳಿದ್ದೋ ನಮಗೆ ಬೇಡ. ನಿಯಮ ಮುರಿದಿದ್ದಕ್ಕೆ ಲಿಖಿತ ಪುರಾವೆ ಸಿಕ್ತು, ಅಷ್ಟೇ." ಆಮೇಲೆ ದನಿ ಇಳಿಸಿದರು. "ಒಂದು ದಾರಿ ಇದೆ. ದುಃಖದಲ್ಲಿದ್ದೆ, ತಪ್ಪು ತಿಳ್ಕೊಂಡೆ, ಅವರು ಹಾಗೇನೂ ಹೇಳಿರಲಿಲ್ಲ ಅಂತ ಒಂದು ಸಾಲು ಬರ್ದುಕೊಡಿ. ಫೈಲ್ ಮುಚ್ಚಿಬಿಡೋಣ."

ಮೂರು ದಿನ ಆ ಸಾಲನ್ನು ಬರೆಯಲು ಕೂತೆ. ಒಂದು ಸುಳ್ಳಿನಿಂದ ಒಬ್ಬರ ಕೆಲಸ ಉಳಿಯುವುದಾದರೆ ನನ್ನದೇನು ಹೋಗುತ್ತದೆ ಎಂದುಕೊಂಡೆ. ನಾಲ್ಕನೇ ದಿನ ಬಸ್ ನಿಲ್ದಾಣದಲ್ಲಿ ಆ ನರ್ಸನ್ನು ಕಾದು ನಿಂತು, ಬರೆದುಕೊಡಲೇ ಎಂದು ಕೇಳಿದೆ.

"ಬೇಡ ಅಕ್ಕ," ಎಂದರು. "ಹೇಳಿದ್ದು ಹೇಳಿದ್ದೇ. ನಾನು ಹೇಳಿಲ್ಲ ಅಂತ ನೀವು ಬರ್ದುಕೊಟ್ರೆ ನಾಳೆ ಇನ್ನೊಬ್ಬರು ಲಿಫ್ಟ್ ಹತ್ತೋವಾಗ ನಾನು ಸುಮ್ಮನೆ ನಿಂತು ನೋಡ್ಬೇಕಾಗುತ್ತೆ. ನೀವು ಇದ್ದಿದ್ದನ್ನ ಇದ್ದ ಹಾಗೆ ಬರೀರಿ, ನಾಲ್ಕು ಜನ ಓದ್ಲಿ."

ಬರೆದಿದ್ದೇನೆ. ಗುರುವಾರಕ್ಕೆ ಮೊದಲು ಆ ನೋಟಿಸನ್ನು ಲಿಖಿತವಾಗಿ ಹಿಂದಕ್ಕೆ ತೆಗೆದುಕೊಳ್ಳಿ. ರೋಗಿಯ ಮನೆಯವರು ಯಾವ ಭಾಷೆಯಲ್ಲಿ ಅಳುತ್ತಾರೋ ಆ ಭಾಷೆಯಲ್ಲಿ ಮಾತಾಡಲು ನಿಮ್ಮ ಸಿಬ್ಬಂದಿಗೆ ಅನುಮತಿ ಕೊಡಿ. ಇಂಗ್ಲಿಷ್ ಮನೆಮಾತಿನವರು ಬಂದರೆ ಕಾರ್ಡು ಧಾರಾಳವಾಗಿ ಬಳಸಿ, ಆದರೆ ಅವರಿಗೂ ಕೇಸ್ ಶೀಟಿನಲ್ಲಿರುವುದನ್ನೇ ಹೇಳಿ. ಇದು ಆಗದಿದ್ದರೆ ಗುರುವಾರ ಹನ್ನೊಂದಕ್ಕೆ ನಾನು ನನ್ನ ಪುಸ್ತಕದೊಂದಿಗೆ ಬರುತ್ತೇನೆ. ಕೌಂಟರಿನಲ್ಲಿ ಹೇಳಿದ್ದನ್ನೂ ಲಿಫ್ಟಿನ ಹತ್ತಿರ ಹೇಳಿದ್ದನ್ನೂ ಓದುತ್ತೇನೆ. ಎರಡರಲ್ಲಿ ಯಾವ ಮಾತಿಗೆ ನೋಟಿಸ್ ಸಲ್ಲಬೇಕು ಎಂದು ನಿಮ್ಮ ಸಮಿತಿಯೇ ಹೇಳಲಿ. ತಂಗಿಯ ಪಕ್ಕ ಕೂತ ಆ ಎರಡೂಕಾಲು ಗಂಟೆ ಹೊತ್ತು ನನಗೆ ಸಿಕ್ಕಿದ್ದೇ ತಪ್ಪು ಎಂದು ಯಾರಾದರೂ ಬರೆಯಲೇಬೇಕೆಂದಿದ್ದರೆ ನೀವು ಬರೆದು, ನೀವೇ ಸಹಿ ಹಾಕಿ. ನನ್ನ ಸಹಿ ಸಿಗುವುದಿಲ್ಲ.

ಇಂತಿ,
ಹೊಗಳಲು ಹೋಗಿ ಒಬ್ಬರ ಅನ್ನಕ್ಕೆ ಕಲ್ಲು ಹಾಕಿದ,
ಸಮವಸ್ತ್ರ ಹೊಲಿಯುವವಳು