ಮಾತ್ರೆ ನುಂಗಿದ್ದೇನೆ, ಫೋನ್ ಮಾಡಬೇಡ

ಮಗಳೇ,

ನೀನು ಗಾಢ ನಿದ್ದೆಯಲ್ಲಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಹೊಲಿಗೆ ಅಂಗಡಿಗೆ ಹೊರಟೆ. ಮಾತ್ರೆ ನುಂಗಿದ್ದೇನೆ, ಫೋನ್ ಮಾಡಿ ವಿಚಾರಿಸಬೇಡ. ಹಾಲು ಕಾಯಿಸಿಟ್ಟಿದ್ದೇನೆ. ಬ್ರೆಡ್ ಖಾಲಿ ಮಾಡಿದವಳು ನಾನೇ. ಈ ಮಾತ್ರೆ ತರುವ ಹಸಿವು ನಿನಗೆ ಗೊತ್ತೇ ಇದೆ, ಬೈಯಬೇಡ.

ನಿನ್ನೆ ಡಾಕ್ಟರು ಗಡ್ಡೆ ಕುಗ್ಗಿದೆ ಎಂದಾಗ ನಿನಗೆ ಹೇಳಬೇಕಿದ್ದುದನ್ನು ಈಗ ಬರೆಯುತ್ತಿದ್ದೇನೆ. ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ಮತ್ತೆ ರಕ್ತ ಕಂಡಾಗ, ಹೆತ್ತ ಮಗನಿಗೆ ಹೇಳಲು ನಾಚಿಕೆಯಾಗಿತ್ತು. ನೀನಾಗಿಯೇ ಕೇಳಿದೆ, ಹಟ ಹಿಡಿದು ಕರೆದುಕೊಂಡು ಹೋದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್, ಆದರೆ ಆಪರೇಷನ್ನನ್ನು ನನ್ನ ಹೃದಯ ತಡೆದುಕೊಳ್ಳುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಿನ್ನ ಗಂಡ ಗೋಡೆ ನೋಡುತ್ತಾ ಕೂತುಬಿಟ್ಟ. ನೀನು ಮಾತ್ರ ಬಿಡಲಿಲ್ಲ.

“ಬೇರೆ ದಾರೀನೇ ಇಲ್ವಾ ಡಾಕ್ಟ್ರೇ?”

“ಗಡ್ಡೆಯ ಜೀವಕೋಶಗಳಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳೋ ಗ್ರಾಹಕಗಳು, ಅಂದ್ರೆ ರಿಸೆಪ್ಟರ್‌ಗಳು ಇದ್ರೆ, ಅದು ಹಾರ್ಮೋನ್ ಮಾತ್ರೆಗೆ ಬಗ್ಗಬಹುದು. ಪರೀಕ್ಷೆ ಮಾಡಿಸ್ಬೇಕು.”

“ಹಾಗಾದ್ರೆ ಇವತ್ತೇ ಕಳಿಸಿ. ನಾವು ಇಲ್ಲೇ ಕಾಯ್ತೀವಿ.”

ಫಲಿತಾಂಶ ಬರಲು ದಿನಗಟ್ಟಲೆ ಬೇಕು ಎಂದು ಅವರು ನಕ್ಕರು. ಕೊನೆಗೆ ಗ್ರಾಹಕಗಳು ಇದ್ದವು, ಚೆನ್ನಾಗಿಯೇ ಇದ್ದವು. ಚಿಕಿತ್ಸೆ ಇನ್ನೂ ಮುಗಿದಿಲ್ಲ, ಗೊತ್ತು. ಆದರೂ ಇಂದು ಮತ್ತೆ ನನ್ನ ಹೊಲಿಗೆ ಮೆಷಿನ್ನಿನ ಮುಂದೆ ಕೂರುತ್ತೇನೆ.

ಸಂಜೆ ಬಾಗಿಲಲ್ಲಿ ನಿಂತು ದಾರಿ ಕಾಯಬೇಡ, ಸುಸ್ತಾದರೆ ನಾನೇ ಬೇಗ ಬರುತ್ತೇನೆ. ನಿನ್ನ ನೀಲಿ ಅಂಗಿಯನ್ನು ಹುಡುಕಬೇಡ, ಅಳತೆಗೆಂದು ಒಯ್ದಿದ್ದೇನೆ. ಇಂದು ಮೊದಲು ಹೊಲಿಯುವುದು ನಿನಗೇ.

ನಿನ್ನ ಅತ್ತೆ