ಪಕ್ಕದ ಮನೆಯ ಪೀಕ್

ಜೂನ್ 3, ಸೋಮವಾರ

ಅದೇ ಭದ್ರಾವತಿ–ಶಿವಮೊಗ್ಗ ಬಸ್ಸು, ಅದೇ ಲ್ಯಾಬು. ಆದರೆ ಜರ್ನಲ್ ನಮ್ಮ ಪೇಪರ್ ಒಪ್ಪಿಕೊಂಡಿದೆ! ನನ್ನ ಥೀಸಿಸ್‌ಗೆ ಇದೊಂದೇ ಆಧಾರ. ಗೈಡ್ ಶಿವಶಂಕರಪ್ಪ ಸರ್ ಗಾಂಧಿ ಬಜಾರಿನಿಂದ ಮೈಸೂರು ಪಾಕ್ ತರಿಸಿ ಇಡೀ ಡಿಪಾರ್ಟ್‌ಮೆಂಟಿಗೆ ಹಂಚಿದರು.

ಮನೆಯಲ್ಲಿ ಅಮ್ಮ, "ಅದೇನೇ ಸಿಕ್ಕಿದ್ದು?"

"ನ್ಯೂಟ್ರಾನ್ ಕಮ್ಮಿ ಇರೋ ನ್ಯೂಕ್ಲಿಯಸ್ ಅಮ್ಮ. ಹುಟ್ಟೋದೇ ಅಪರೂಪ. ಮೈಮೇಲೆ ಬಂದಂಗೆ ಕುಣಿದು, ಗಾಮಾ ಕಿರಣ ಬಿಟ್ಟು ಸುಮ್ಮನಾಗತ್ತೆ. ಗ್ರಾಫಲ್ಲಿ ಆ ಕಿರಣದ ಪೀಕ್, ಅಂದ್ರೆ ಅದರ ಗುರುತಿನ ಶಿಖರ, ಹಿಡಿದ್ವಿ. ಪ್ರಪಂಚದಲ್ಲೇ ಮೊದಲು."

"ಹಂಗಾದ್ರೆ ಈ ವರ್ಷ ನಿನ್ನ ಪಿಎಚ್‌ಡಿ ಮುಗೀತು ಅನ್ನು."

ಜೂನ್ 6, ಗುರುವಾರ

ಥೀಸಿಸ್‌ಗೆ ಗ್ರಾಫ್ ಚೆಂದ ಮಾಡಲು ಕೂತೆ. ಕೂರಬಾರದಿತ್ತು.

ಗೇಟ್ ಅಂದರೆ ಡೇಟಾ ಸೋಸುವ ನಮ್ಮ ಜರಡಿ — ಗೊತ್ತಿರುವ ಒಂದು ಕಿರಣದ ಜೊತೆಗೇ ಬಂದವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಸಿಕ್ಕ ಕಿರಣಗಳ ಎಣಿಕೆ ಸಾಲದೆ ಸರ್ ಅದನ್ನು ಅಗಲ ಮಾಡಿಸಿದ್ದರು. ಇವತ್ತು ಸುಮ್ಮನೆ ಕಿರಿದು ಮಾಡಿದೆ. ಪೀಕ್ ಮಾಯ. ಗೇಟನ್ನು ಪಕ್ಕಕ್ಕೆ ಸರಿಸಿದೆ. ಪೀಕ್ ಇನ್ನೂ ದಪ್ಪ! ಎಲ್ಲರಿಗೂ ಗೊತ್ತಿರುವ ಬೇರೊಂದು ನ್ಯೂಕ್ಲಿಯಸ್ಸಿನದು. ಅಗಲದ ಗೇಟಿನಲ್ಲಿ ನುಗ್ಗಿ ನಮ್ಮದೆಂಬಂತೆ ಕೂತಿತ್ತು.

ಫೈಲ್ ಮುಚ್ಚಿ ಎದ್ದೆ.

ಜೂನ್ 7

ಏನು ಮಾಡಿದರೂ ನಮ್ಮ ಪೀಕ್ ಇಲ್ಲ. ಲ್ಯಾಬಿನ ಮಧುಗೆ ತೋರಿಸಿದೆ. "ಸುಮ್ನಿರು ಮಾರಾಯ್ತಿ. ಯಾರು ನೋಡ್ತಾರೆ?"

ಪ್ರಯೋಗ ಮತ್ತೆ ಮಾಡೋಣವೆಂದರೆ ಆಕ್ಸಿಲರೇಟರ್ ಟೈಮ್ ಸಿಗುವುದಿಲ್ಲ. ಸರ್ ಮುಂದಿನ ತಿಂಗಳು ರಿಟೈರ್. ಇದು ಹೋದರೆ ಪಿಎಚ್‌ಡಿಯೂ ಹೋಯಿತು. ಅಳೋಣವೆಂದರೆ ಬಸ್ಸಿನಲ್ಲಿ ಕಿಟಕಿ ಸೀಟೂ ಸಿಗಲಿಲ್ಲ.

ಜೂನ್ 16, ಭಾನುವಾರ

ಇಷ್ಟು ದಿನ ಲ್ಯಾಬಿಗೇ ಹೋಗಲಿಲ್ಲ. ಜ್ವರ ಎಂದು ಸುಳ್ಳು ಹೇಳಿದೆ. ಇವತ್ತು ವಿನೋಬನಗರಕ್ಕೆ, ಸರ್ ಮನೆಗೇ ಹೋದೆ. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಕನ್ನಡಕ ತೆಗೆದಿಟ್ಟರು.

"ಕಿರಿದು ಮಾಡಿ ನಾನೂ ನೋಡಿದ್ದೆ ಕಣಮ್ಮ. ಪೇಪರ್ ಕಳಿಸೋಕೆ ಮುಂಚೆನೇ."

"ಮತ್ತೆ ಯಾಕೆ ಸರ್?"

"ನಾನು ಹೋಗೋದ್ರೊಳಗೆ ನಿಂದೊಂದು ಮುಗೀಲಿ ಅಂತ."

ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಟೀ ಮುಟ್ಟದೆ ಎದ್ದು ಬಂದೆ.

ಬಸ್ ಸ್ಟ್ಯಾಂಡಿನ ಬೆಂಚು. ಎರಡು ಬಸ್ಸು ಬಿಟ್ಟೆ. ಎಡಿಟರ್‌ಗೆ ಬರೆಯಬೇಕು. ಮೊದಲು ಈ ಡೈರಿಯಲ್ಲಿ, ಇಂಗ್ಲಿಷಿಗೆ ಆಮೇಲೆ…

ಮಾನ್ಯರೇ, ನಮ್ಮ ಪೇಪರನ್ನು ವಾಪಸ್ ಪಡೆಯುತ್ತಿದ್ದೇವೆ. ಆ ಪೀಕ್ ನಮ್ಮ ನ್ಯೂಕ್ಲಿಯಸ್ಸಿನದಲ್ಲ. ಈ ತಪ್ಪು ನಮಗೆ ಗೊತ್ತಾದದ್ದು ಜೂನ್ 6ಕ್ಕೆ. ಅಲ್ಲ, ಅದು ನನಗೆ. ನಮಗೆ ಗೊತ್ತಾದದ್ದು —