ಆ ವಾಸನೆ ನನ್ನದಲ್ಲ

ಬೇಡಗ, ತಾ. ಮಿರಜ
೧೪ ಆಗಸ್ಟ್ ೧೯೯೪, ರವಿವಾರ

ಅನುಸೂಯಾಬಾಯಿ ಅವರಿಗೆ ದಶರಥನ ನಮಸ್ಕಾರ.

ಮೂರು ವರ್ಷ ನಿಮ್ಮನ್ನು 'ಅವ್ವಾರ' ಎಂದು ಕರೆದೆ. ಇವತ್ತು ಹೆಸರು ಹಿಡಿದು ಬರೆಯುತ್ತಿದ್ದೇನೆ. ಸಿಟ್ಟು ಬಂದರೂ ಕಾಗದ ಹರಿಯಬೇಡಿ, ಕೊನೆಯ ತನಕ ಓದಿ. ಕಣ್ಣಿನ ಆಪರೇಷನ್ ಆದ ಮೇಲೆ ನಿಮಗೆ ಸಣ್ಣಕ್ಷರವೂ ಕಾಣುತ್ತದೆ, ಬೇರೆಯವರ ಕೈಯಲ್ಲಿ ಓದಿಸಬೇಡಿ. ಇದು ನಿಮ್ಮ ನನ್ನ ನಡುವಿನ ಮಾತು.

ನಿನ್ನೆ ನಿಮ್ಮ ಮನೆಯ ಅಡಿಗೆಯ ಚಂದ್ರಾಬಾಯಿ ಬಸ್ಸು ಹಿಡಿದು ಸಾಂಗ್ಲಿಯಿಂದ ಇಲ್ಲಿಗೆ ಬಂದಿದ್ದಳು. ನೀವು ಹೇಳಿ ಕಳಿಸಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು: "ಕಾರಖಾನ್ಯಾಗ ನಿನ್ನ ಪರ್ಮನೆಂಟ್ ಆರ್ಡರ್ ಟೈಪ್ ಆಗೇತಿ. ಸಾಹೇಬರ ಮಾತು ಒಂದ ಬಾಕಿ. ಸೋಮವಾರ ಬಂದು ಅವ್ವಾರ ಮುಂದ ತಪ್ಪಾತ್ರೀ ಅನ್ನು, ಮುಗೀತು."

ಆ ಆರ್ಡರಿನ ಬೆಲೆ ನನಗೆ ಗೊತ್ತಿಲ್ಲವೆಂದಲ್ಲ. ನಿಮ್ಮ ಯಜಮಾನರು ಬಸಲಿಂಗಪ್ಪ ಸಾಹೇಬರು ಸಹಕಾರಿ ಸಕ್ಕರೆ ಕಾರಖಾನೆಯ ಡೈರೆಕ್ಟರ್. ನಾನು ಕೆಲಸಕ್ಕೆ ಸೇರಿದ ದಿನವೇ ಅಂದಿದ್ದರು, "ಮೂರು ವರ್ಷ ಮನಿ ಗಾಡಿ ಹೊಡಿ, ಆಮ್ಯಾಲ ಕಾರಖಾನ್ಯಾಗ ಕಾಯಂ ಡ್ರೈವರ್ ಮಾಡಸ್ತೀನಿ." ಕಾಯಂ ಅಂದರೆ ಕ್ವಾರ್ಟರ್ಸು, ಪೆನ್ಶನ್ನು. ನಮ್ಮ ಓಣಿಯಲ್ಲಿ ಈವರೆಗೆ ಯಾರಿಗೂ ಸಿಗದ್ದು. ಅದಕ್ಕಾಗಿ ನಾನು ಮೂರು ಮಳೆಗಾಲ ಸೈಕಲ್ ತುಳಿದು ಬೆಳಗಿನ ಏಳಕ್ಕೆ ನಿಮ್ಮ ಗೇಟಿನಲ್ಲಿ ನಿಂತಿದ್ದೇನೆ.

ಆದರೆ ನೌಕರಿ ಆಸೆಗೆ ಮಾತ್ರ ಬರುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ನಿಮ್ಮ ಮೊಮ್ಮಕ್ಕಳಿಗೆ ಮರಾಠಿ ಬಿಟ್ಟರೆ ಬೇರೆ ಮಾತಿಗೆ ನಾಲಿಗೆ ಹೊರಳುವುದಿಲ್ಲ. ಆ ದೊಡ್ಡ ಮನೆಯಲ್ಲಿ ನಿಮ್ಮ ಜೊತೆ ತಾಸುಗಟ್ಟಲೆ ಬಾಯಿ ತುಂಬ ಕನ್ನಡ ಆಡುತ್ತಿದ್ದವನು ನಾನೊಬ್ಬನೇ. ನಾನು ಅಥಣಿ ಕಡೆ ಅಜ್ಜಿಯ ಊರಲ್ಲಿದ್ದು ಹತ್ತನೇ ಇಯತ್ತೆ ತನಕ ಕನ್ನಡ ಸಾಲೆ ಕಲಿತವನು. ನಿಮ್ಮ ಕಣ್ಣು ಮಂಜಾಗಿದ್ದಾಗ ತವರಿನ ಪತ್ರಗಳನ್ನು ಕಾರಿನಲ್ಲಿ ಓದಿ ಹೇಳುತ್ತಿದ್ದೆ. ನಿಮ್ಮ ತಮ್ಮ ತೀರಿಕೊಂಡ ಸುದ್ದಿಯನ್ನು ಓದಿದ್ದೂ ನಾನೇ. ಮಿರಜಿನ ಆಸ್ಪತ್ರೆಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದ್ದೆ. ನೀವು ಅತ್ತಿರಿ. ನಾನು ಕೆಳಗಿಳಿದು ದೂರ ನಿಂತೆ, ಯಾರೂ ಹತ್ತಿರ ಬರದ ಹಾಗೆ ನೋಡಿಕೊಂಡೆ. ಇಂಥ ನೀವು ಆ ಮಾತು ಕೇಳುತ್ತೀರಿ ಅಂತ ನನಗೆ ಕನಸಿನಲ್ಲೂ ಇರಲಿಲ್ಲ.

ಈ ಜೂನಿನಲ್ಲಿ ಮಳೆ ಹಿಡಿದ ಮೇಲೆ ಕಾರಿನಲ್ಲಿ ವಾಸನೆ ಶುರುವಾಯಿತು. ಒದ್ದೆ ಗೋಣಿಚೀಲವನ್ನು ಮೂಲೆಯಲ್ಲಿ ಒತ್ತಿಟ್ಟ ಹಾಗಿನ ಮುಗ್ಗಲು ವಾಸನೆ. ನೀವು ಸೆರಗಿನಿಂದ ಮೂಗು ಮುಚ್ಚಿದಿರಿ. ಸೆಂಟಿನ ಬಾಟಲಿ ತರಿಸಿದಿರಿ, ಕರ್ಪೂರ ಇಡಿಸಿದಿರಿ. ಎಂಟು ದಿನ ಆದರೂ ಹೋಗಲಿಲ್ಲ. ಒಂಬತ್ತನೇ ದಿನ ವಿಶ್ರಾಮಬಾಗ ದಾಟುವಾಗ ಹಿಂದಿನ ಸೀಟಿನಿಂದ ಕೇಳಿದಿರಿ, "ದಶರಥಾ, ನೀ ದಿನಾ ಮೈ ತೊಳಕೊಂಡು ಬರತೀಯಿಲ್ಲೋ?"

ನಮ್ಮ ಜಾತಿಯ ಹೆಸರು ನೀವು ಎತ್ತಲಿಲ್ಲ. ಎತ್ತದೆಯೇ ಎಲ್ಲ ಹೇಳಿದಿರಿ.

ಮರುದಿನ ನನ್ನ ಸೀಟಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ನನ್ನ ಸೀಟಿಗೆ ಮಾತ್ರ. ನಾನು ಏನು ಮಾಡಿದೆ ಗೊತ್ತೇ? ದಿನಕ್ಕೆ ಎರಡು ಸಲ ಸ್ನಾನ ಶುರು ಮಾಡಿದೆ. ಗೇಟಿನ ಹೊರಗೆ ನಿಂತು ಅಂಗಿಯ ತೋಳು ಮೂಸಿ ನೋಡಿ ಒಳಗೆ ಬರುತ್ತಿದ್ದೆ. ನೀವು ಅಂದದ್ದಕ್ಕಿಂತ ನಾನು ಹಾಗೆ ಮೂಸಿಕೊಂಡದ್ದೇ ನನಗೆ ಇವತ್ತು ಹೆಚ್ಚು ಉರಿಯುತ್ತದೆ.

ಒಂದು ಮುಂಜಾನೆ ನಾನು ಮೂರನೇ ಸಲ ಸಬ್ಬು ಹಚ್ಚಿಕೊಳ್ಳುವುದನ್ನು ನಮ್ಮವ್ವ ಕಾಡವ್ವ ನೋಡಿದಳು. ಅರಿಷಿಣ ಕುದಿಸುವ ಕಣದಲ್ಲಿ ಮೂವತ್ತು ವರ್ಷ ದುಡಿದು ಉಗುರೆಲ್ಲ ಹಳದಿಯಾದ ಕೈ ಅವಳದು. ಸಬ್ಬು ಕಸಿದುಕೊಂಡಳು. "ನಿನ್ನ ಮೈ ವಾಸನಿ ಎಂಥಾದ್ದು ಅಂತ ನನಗ ಗೊತ್ತೈತಿ, ಹಡದಾಕಿ ನಾ. ಆ ಗಾಡಿ ಮೂಸಿ ನೋಡು, ಹೋಗು" ಅಂದಳು.

ಹೋಗಿ ಮೂಸಿದೆ. ಗಾಡಿಗೆ ಹತ್ತದೆ, ಕಿಟಕಿಯೊಳಗಿಂದ ಕೈ ಹಾಕಿ ಇಂಜಿನ್ನು, ಎಸಿ ಹಚ್ಚಿ ಹೊರಗೇ ನಿಂತೆ. ಗಾಳಿ ಬರುವ ಜಾಳಿಗೆಯಿಂದಲೇ ಗಪ್ಪನೆ ಬಂತು. ಒಳಗೆ ನಾನಿರಲಿಲ್ಲ, ವಾಸನೆ ಇತ್ತು.

ಅವತ್ತೇ ಮಿರಜ ಸ್ಟೇಶನ್ ಹತ್ತಿರ ಫ್ರಿಜ್, ಎಸಿ ರಿಪೇರಿ ಮಾಡುವ ಧೋಂಡಿಬಾ ಕಾಕಾನನ್ನು ಕೇಳಿದೆ. ಆತ ಬೀಡಿ ಆರಿಸಿ ಮರಾಠಿಯಲ್ಲಿ ಒಂದೇ ಪ್ರಶ್ನೆ ಹಾಕಿದ: ಎಸಿ ಹಚ್ಚಿ ನಿಲ್ಲಿಸಿದಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತದೆಯೇ? ನೆನಪು ಮಾಡಿಕೊಂಡೆ. ಹೋದ ವರ್ಷ ತೊಟ್ಟಿಕ್ಕುತ್ತಿತ್ತು, ಈ ವರ್ಷ ಒಂದು ಹನಿಯೂ ಇಲ್ಲ. "ಹಾಗಾದರೆ ಆ ನೀರು ಎಲ್ಲಿ ಹೋಯಿತಪ್ಪಾ?" ಎಂದು ನಕ್ಕ. ನೀರು ಹೊರಹೋಗುವ ರಬ್ಬರ್ ನಳಿಕೆ ಕಟ್ಟಿತ್ತು. ನೀರೆಲ್ಲ ಒಳಗಿನ ಡಬ್ಬಿಯಲ್ಲೇ ನಿಂತು ಕೊಳೆಯುತ್ತಿತ್ತು.

ಮುಂದಿನ ರವಿವಾರ ನಿಮ್ಮ ಅಂಗಳದಲ್ಲಿ, ಹಾಡುಹಗಲೇ, ಎಲ್ಲರೂ ಮನೆಯಲ್ಲಿದ್ದಾಗ ನಾನೂ ಧೋಂಡಿಬಾನೂ ಆ ಡಬ್ಬಿ ಬಿಚ್ಚಿದೆವು. ಬೇಕೆಂದೇ ಎಲ್ಲರ ಮುಂದೆ ಬಿಚ್ಚಿದೆ, ಮುಚ್ಚಿಡುವುದಿಲ್ಲ. ಕೊಳೆತ ಬೇವಿನೆಲೆ ಹಿಡಿ ಹಿಡಿ ಬಂತು. ಇಲಿ ಕಟ್ಟಿದ ಅರಳೆಯ ಗೂಡು ಬಂತು. ತಂಪು ಮಾಡುವ ಜಾಲರಿಯ ಮೇಲೆ ಕಪ್ಪು ಬೂಜು, ಕೆಳಗೆ ಲೋಳೆ ನೀರು. ನಿಮ್ಮ ಮೊಮ್ಮಗಳು ಮೂಗು ಹಿಡಿದು "ಆಜೀ, ಹಾಚ ತೋ ವಾಸ!" ಎಂದು ಕೂಗಿದಳು. ಅದೇ ವಾಸನೆ ಎಂದು ಆ ಕೂಸಿಗೂ ತಿಳಿಯಿತು.

ನಾನು ಆ ಮುದ್ದೆಯನ್ನು ತಗಡಿನ ಮೇಲಿಟ್ಟು ನಿಮ್ಮ ಮುಂದೆ ಹಿಡಿದೆ. "ಅವ್ವಾರ, ಇದು ನನ್ನ ಮೈಯಾಗಿಂದ ಬಂದದ್ದಲ್ಲ, ನೋಡ್ರಿ" ಅಂದೆ. ನೀವು ಮುಖ ತಿರುಗಿಸಿ, "ಆತು ಬಿಡು, ಹೊರಗ ಒಗಿ ಅದನ್ನ" ಅಂದಿರಿ. ಒಂದೇ ಒಂದು ಮಾತಿಗಾಗಿ ನಾನು ತಗಡು ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ನೀವು ಒಳಗೆ ಹೋದಿರಿ.

ಆದರೂ ಕೆಲಸ ಅರ್ಧಕ್ಕೆ ಬಿಡಲಿಲ್ಲ. ನಳಿಕೆಗೆ ತಂತಿ ಹಾಕಿ ಬಿಡಿಸಿದೆ, ಜಾಲರಿಯನ್ನು ಸಬ್ಬಿನ ನೀರಿನಲ್ಲಿ ಮೆತ್ತಗೆ ಉಜ್ಜಿದೆ, ಒದ್ದೆ ಕಾರ್ಪೆಟ್ ಕಿತ್ತು ಮಾಳಿಗೆಯ ಬಿಸಿಲಿಗೆ ಹಾಕಿದೆ. ಬುಧವಾರ ನಿಮ್ಮನ್ನು ಮಿರಜಿಗೆ ಮೊಣಕಾಲು ತೋರಿಸಲು ಕರೆದೊಯ್ಯುವಾಗ ಗಾಡಿಯಲ್ಲಿ ಬರೇ ತಣ್ಣನೆ ಗಾಳಿ. "ಈಗ ಚೊಲೋ ಆತು ನೋಡು" ಅಂದಿರಿ. ಆಸ್ಪತ್ರೆಯ ಮುಂದೆ ಇಳಿದ ಮೇಲೆ ನನ್ನ ಸೀಟಿನ ಪ್ಲಾಸ್ಟಿಕ್ ಹಾಳೆ ತೆಗೆದು ಮಡಚಿದೆ. ನೀವು ನೋಡಿದಿರಿ. "ಇರಲಿ ಬಿಡು ದಶರಥಾ, ಹಾಸಿದರ ಏನಾಗತೈತಿ?"

ವಾಸನೆ ಹೋಗಿತ್ತು, ಹಾಳೆ ಹೋಗುವುದು ಮಾತ್ರ ನಿಮಗೆ ಬೇಡವಾಗಿತ್ತು. ಆಗ ನನಗೆ ಎಲ್ಲ ಸ್ಪಷ್ಟವಾಯಿತು.

ಅಲ್ಲೇ ನಿಮ್ಮನ್ನು ಬಿಟ್ಟು ಬರಲಿಲ್ಲ. ಕಾದೆ. ಕೈ ಹಿಡಿದು ಮೆಟ್ಟಿಲು ಇಳಿಸಿದೆ. ಮನೆ ಮುಟ್ಟಿಸಿ ಕೀಲಿಕೈಯನ್ನು ಜಗುಲಿಯ ಮೇಲಿಟ್ಟು, "ನಾಳಿಂದ ಬರಂಗಿಲ್ರಿ" ಎಂದಷ್ಟೇ ಹೇಳಿ ಸೈಕಲ್ ಹತ್ತಿದೆ. ಇದಕ್ಕೆ ನಾನು ತಪ್ಪಾಯಿತು ಅನ್ನಬೇಕಂತೆ.

ಅನ್ನುವುದಿಲ್ಲ. ಸೋಮವಾರವೂ ಅನ್ನುವುದಿಲ್ಲ, ಕಬ್ಬು ಅರೆಯುವ ಹಂಗಾಮು ಶುರುವಾಗಿ ಆರ್ಡರು ಬೇರೆಯವನ ಕೈಗೆ ಹೋದ ದಿನವೂ ಅನ್ನುವುದಿಲ್ಲ. ಧೋಂಡಿಬಾ ನನ್ನನ್ನು ಜೊತೆಗೆ ಇಟ್ಟುಕೊಂಡಿದ್ದಾನೆ. ಪಗಾರ ಕಡಿಮೆ, ಕೈಗೆ ಗ್ರೀಸು ಜಾಸ್ತಿ. ಮೊನ್ನೆ ಒಬ್ಬ ಡಾಕ್ಟರರ ಗಾಡಿ ಬಂದಿತ್ತು, ಇದೇ ತಕರಾರು. ಅವರ ಡ್ರೈವರ್ ಹೆದರಿ ಮೂಲೆಯಲ್ಲಿ ನಿಂತಿದ್ದ. ಅವನನ್ನು ಕರೆದು ಮೊದಲು ಅವನಿಗೇ ಆ ಡಬ್ಬಿ ತೋರಿಸಿದೆ. ಅವನು ಉಸಿರು ಬಿಟ್ಟದ್ದನ್ನು ನೀವು ನೋಡಬೇಕಿತ್ತು.

ನಿಮ್ಮ ಹೊಸ ಡ್ರೈವರನಿಗೆ ಹೇಳಿ: ಮನೆ ಮುಟ್ಟಲು ಐದು ನಿಮಿಷ ಇದೆ ಎನ್ನುವಾಗ ಎಸಿ ಬಂದ್ ಮಾಡಿ ಫ್ಯಾನ್ ಮಾತ್ರ ಇಡಲಿ, ಒಳಗಿನ ಪಸೆ ಆರುತ್ತದೆ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಬಾರದು. ಮತ್ತೆ ವಾಸನೆ ಬಂದರೆ ಗಾಡಿ ಬಿಚ್ಚಿಸಿ, ಅವನನ್ನು ಕೇಳಬೇಡಿ.

ನಿಮ್ಮ ಮೊಣಕಾಲಿನ ನೋವು ಇಳಿಯಲಿ. ಹೊಸ ಕಣ್ಣು ನೂರು ವರ್ಷ ಸ್ವಚ್ಛ ಕಾಣಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ತಪ್ಪಾಯಿತು ಎಂಬ ಮಾತು ಯಾರಾದರೂ ಆಡಲೇಬೇಕೆಂದಿದ್ದರೆ, ಬೇಡಗದಲ್ಲಿ ನೀರಿನ ಟಾಕಿಯ ಹಿಂದೆ ನಮ್ಮ ಮನೆ. ಯಾರನ್ನು ಕೇಳಿದರೂ ತೋರಿಸುತ್ತಾರೆ. ನೀವು ಬಂದರೆ ನಮ್ಮವ್ವ ಕುರ್ಚಿ ಹಾಕಿ "ಕುಂದ್ರಿ" ಅನ್ನುತ್ತಾಳೆ, ಚಹಾ ಮಾಡುತ್ತಾಳೆ. ಕುಡಿಯುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಮ್ಮ ಕ್ಷೇಮ ಬಯಸುವ, ಆದರೆ ನಿಮ್ಮ ಗೇಟಿಗೆ ಮರಳದ,
ಕಾಡವ್ವನ ಮಗ ದಶರಥ